ಕೋಳಿ ರೆಕ್ಕೆಗೆ ಮನೆಯಲ್ಲೇ ಸಾಸ್: ತುಪ್ಪ ಹಾಕಿದರೆ ಒಡೆಯುತ್ತದೆ, ಏಕೆ?

ಭಾನುವಾರದ ಬಾಣಸಿಗ
ಬೆಂಗಳೂರು · ಭಾನುವಾರ ರಾತ್ರಿ 9:40

ಇವತ್ತಿನ ಸೋಲನ್ನು ಇಲ್ಲಿ ಬರೆದಿಟ್ಟು ಮಲಗುತ್ತೇನೆ. ಎಲ್ಲಿ ಎಡವಿದೆ ಎಂದು ಬಲ್ಲವರು ಹೇಳಿ.

ಅಕ್ಕ, ಬಾವ ಊಟಕ್ಕೆ ಬರುವವರಿದ್ದರು. ಪ್ರತಿ ಸಲ ಕಬಾಬ್, ಬಿರಿಯಾನಿ ಎಂದು ಬೇಸರವಾಗಿ ಈ ಬಾರಿ ಬಫಲೋ ವಿಂಗ್ಸ್, ಅಂದರೆ ಕರಿದ ಕೋಳಿ ರೆಕ್ಕೆಯನ್ನು ಖಾರದ ಬೆಣ್ಣೆ ಸಾಸಿನಲ್ಲಿ ಹೊರಳಿಸುವ ಅಮೆರಿಕದ ತಿನಿಸು, ಮಾಡುತ್ತೇನೆ ಎಂದು ಸಾರಿಬಿಟ್ಟೆ. (ಎಮ್ಮೆಗೆಲ್ಲಿಯ ರೆಕ್ಕೆ ಎಂಬ ಹಾಸ್ಯವನ್ನು ಬಾವ ಆಗಲೇ ಮೂರು ಸಲ ಮಾಡಿದ್ದಾರೆ. ದಯವಿಟ್ಟು ಇಲ್ಲಿ ಬೇಡ.) ಅಂಗಡಿಯ ಬಾಟಲಿ ಸಾಸಿನ ಬೆಲೆಗೆ ಒಂದು ಇಡೀ ಕೋಳಿ ಬರುತ್ತದೆ, ಅದಕ್ಕೆ ಸಾಸ್ ಮನೆಯಲ್ಲೇ ಆಗಲಿ ಎಂದುಕೊಂಡೆ.

ಒಂದು ಕೆಜಿ ರೆಕ್ಕೆ ತಂದೆ, ಹದಿಮೂರು ಬಂದವು. ಮೊಸರು, ಅರಿಸಿನ, ಶುಂಠಿ ಬೆಳ್ಳುಳ್ಳಿ ಪೇಸ್ಟ್ ಸವರಿ ಎರಡು ಗಂಟೆ ಇಟ್ಟು, ಮೈದಾದಲ್ಲಿ ಹೊರಳಿಸಿ ಕರಿದೆ. ಸಾಸಿಗೆ ಹದಿನೈದು ಬ್ಯಾಡಗಿ ಮೆಣಸಿನಕಾಯಿಯನ್ನು ಹುರಿದು, ಬಿಸಿನೀರಿನಲ್ಲಿ ನೆನೆಸಿ, ಬೆಳ್ಳುಳ್ಳಿ ಮತ್ತು ವಿನೆಗರ್ ಸೇರಿಸಿ ರುಬ್ಬಿದೆ. ಬೆಣ್ಣೆ ಇರಲಿಲ್ಲ. ತುಪ್ಪವೂ ಬೆಣ್ಣೆಯೇ ಅಲ್ಲವೇ ಎಂದು ಅರ್ಧ ಬಟ್ಟಲು ಬಿಸಿ ತುಪ್ಪ ಸುರಿದೆ.

ಬಣ್ಣ ನೋಡಿದರೆ ಚಿತ್ರ ಬರೆದು ಗೋಡೆಗೆ ಹಾಕುವಂತಿತ್ತು. ಐದು ನಿಮಿಷದಲ್ಲಿ ಕೆಂಪು ತುಪ್ಪ ಮೇಲೆ ತೇಲಿತು, ಮೆಣಸಿನ ಗಸಿ ತಳ ಹಿಡಿಯಿತು. ಹತ್ತು ನಿಮಿಷಕ್ಕೆ ರೆಕ್ಕೆಯ ಮೇಲಿನ ಹಿಟ್ಟು ಒದ್ದೆ ರಟ್ಟಿನಂತಾಯಿತು. ರುಚಿಯಲ್ಲಿ ಏನೋ ಕಹಿ, ಏನೋ ಸಪ್ಪೆ. ಬಾವ ಎರಡು ತಿಂದು, "ಇದಕ್ಕೆ ಅನ್ನ ಇದೆಯಾ?" ಎಂದು ಕೇಳಿದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಲ್ಯಾಬ್ ಕೋಟು
ಮೈಸೂರು · ಭಾನುವಾರ ರಾತ್ರಿ 10:15

ಆಹಾರ ತಂತ್ರಜ್ಞಾನ ಓದಿದ್ದು ಇಂತಹ ರಾತ್ರಿಗಳಿಗಾದರೂ ಉಪಯೋಗಕ್ಕೆ ಬರಲಿ.

ನಿಮ್ಮ ಎಡವಟ್ಟಿನ ಮೂಲ ಆ "ತುಪ್ಪವೂ ಬೆಣ್ಣೆಯೇ ಅಲ್ಲವೇ" ಎಂಬ ಮಾತಿನಲ್ಲಿದೆ. ಬೆಣ್ಣೆಯಲ್ಲಿ ಸುಮಾರು ಶೇ. 80 ಮಾತ್ರ ಕೊಬ್ಬು. ಉಳಿದದ್ದರಲ್ಲಿ ಹೆಚ್ಚಿನ ಪಾಲು ನೀರು, ಸ್ವಲ್ಪ ಹಾಲಿನ ಘನಾಂಶ. ಬೆಣ್ಣೆ ಎಂದರೆ ಕೊಬ್ಬೂ ನೀರೂ ಆಗಲೇ ರಾಜಿ ಮಾಡಿಕೊಂಡು ಕೂತಿರುವ ಪದಾರ್ಥ. ಆ ರಾಜಿಯನ್ನು ಹಿಡಿದಿಡುವುದು ಹಾಲಿನ ಪ್ರೋಟೀನು ಮತ್ತು ಫಾಸ್ಫೋಲಿಪಿಡ್‌ಗಳು. ತುಪ್ಪ ಕಾಯಿಸುವಾಗ ನೀವು ಮಾಡುವುದೇನು? ನೀರನ್ನು ಆವಿ ಮಾಡುತ್ತೀರಿ, ಘನಾಂಶವನ್ನು ಗಸಿಯಾಗಿಸಿ ಸೋಸುತ್ತೀರಿ. ರಾಜಿ ಮಾಡಿಸುವವರನ್ನೇ ಹೊರಗೆ ಕಳಿಸಿದ ಮೇಲೆ ವಿನೆಗರ್ ನೀರೂ ತುಪ್ಪವೂ ಒಂದಾಗುವುದು ಹೇಗೆ?

ಬೆಣ್ಣೆ ಇದ್ದರೂ ಒಂದು ಎಚ್ಚರ ಬೇಕು. ಕುದಿಯುವ ಸಾಸಿಗೆ ಹಾಕಿದರೆ ಅದೂ ಒಡೆಯುತ್ತದೆ. ಉರಿ ಆರಿಸಿ, ತಣ್ಣನೆಯ ಬೆಣ್ಣೆಯನ್ನು ತುಂಡು ತುಂಡಾಗಿ ಹಾಕುತ್ತ ಕಲಕಿ.

ಕಹಿಗೆ ಕಾರಣ ಹುರಿದದ್ದು. ಬ್ಯಾಡಗಿಯ ತೊಗಟೆ ತೆಳು, ಕಣ್ಣು ಮಿಟುಕಿಸುವಷ್ಟರಲ್ಲಿ ಸೀಯುತ್ತದೆ. ಬೀಜ ಸಮೇತ ರುಬ್ಬಿದ್ದರೆ ಅದೂ ಸೇರಿತು. ಸಪ್ಪೆ ಏಕೆ ಎಂಬುದಕ್ಕೆ ನನ್ನ ಬಳಿ ಖಚಿತ ಉತ್ತರವಿಲ್ಲ. ಬ್ಯಾಡಗಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ, ಅಷ್ಟು ನಿಜ.

ಕೋಟೇಶ್ವರದ ಗಾಳಿ
ಸೋಮವಾರ ಬೆಳಿಗ್ಗೆ 7:05

ಲ್ಯಾಬ್ ಕೋಟು ಅವರೇ, ತುಪ್ಪದ ಮೇಲೆ ಇಷ್ಟು ದೊಡ್ಡ ಆರೋಪ ಹೊರಿಸಬೇಡಿ. ನಮ್ಮ ಕುಂದಾಪುರದ ಕಡೆ ಘೀ ರೋಸ್ಟ್ ಮಾಡುವಾಗ ಮಸಾಲೆಯ ಅಂಚಿನಲ್ಲಿ ತುಪ್ಪ ಬಿಟ್ಟುಕೊಂಡರೇನೇ ಅಡುಗೆ ಆಯಿತು ಎಂದು ಲೆಕ್ಕ. ಬಿಡದಿದ್ದರೆ ಇನ್ನೂ ಹುರಿ ಎನ್ನುತ್ತೇವೆ. ನಿಮ್ಮ ಭಾಷೆಯಲ್ಲಿ ಅದು "ಒಡೆದ" ಸಾಸ್. ನಮ್ಮ ಭಾಷೆಯಲ್ಲಿ ಪಾಕ ಬಂದ ಮಸಾಲೆ.

ಬಾಣಸಿಗರ ತಪ್ಪು ತುಪ್ಪ ಹಾಕಿದ್ದಲ್ಲ. ತುಪ್ಪ ಹಾಕಿ ಅಮೆರಿಕದ ಸಾಸ್ ಆಗಲಿ ಎಂದು ಕಾಯುತ್ತ ಕೂತದ್ದು. ಹಸಿ ಮಸಾಲೆಯ ಮೇಲೆ ತುಪ್ಪ ಸುರಿದರೆ ತೇಲದೆ ಇನ್ನೇನಾಗುತ್ತದೆ? ಆ ಮಸಾಲೆಯ ನೀರು ಆರುವ ತನಕ ಬಾಡಿಸಬೇಕಿತ್ತು.

ನನ್ನ ಲೆಕ್ಕ ಹೀಗಿದೆ. ಒಂದು ಕೆಜಿ ರೆಕ್ಕೆಗೆ ಬ್ಯಾಡಗಿ 18, ಕೊತ್ತಂಬರಿ ಬೀಜ ಒಂದೂವರೆ ಚಮಚ, ಜೀರಿಗೆ ಅರ್ಧ ಚಮಚ, ಕಾಳುಮೆಣಸು ಹತ್ತು, ಮೆಂತ್ಯ ಹತ್ತು ಹದಿನೈದು ಕಾಳು, ಅದಕ್ಕಿಂತ ಹೆಚ್ಚು ಬೇಡ. ಒಂದೊಂದನ್ನೂ ಬೇರೆ ಬೇರೆಯಾಗಿ, ಸಣ್ಣ ಉರಿಯಲ್ಲಿ, ತುಪ್ಪದ ಹನಿಯಲ್ಲಿ ಹುರಿಯಿರಿ. ಬೆಳ್ಳುಳ್ಳಿ ಎಂಟು ಎಸಳು, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು ಸೇರಿಸಿ, ನೀರು ಆದಷ್ಟು ಕಡಿಮೆ ಹಾಕಿ ನುಣ್ಣಗೆ ರುಬ್ಬಿ. ದಪ್ಪ ತಳದ ಬಾಣಲೆಯಲ್ಲಿ ಐದು ಚಮಚ ತುಪ್ಪ ಹಾಕಿ, ಮಸಾಲೆ ಬಣ್ಣ ತಿರುಗಿ ತುಪ್ಪ ಬಿಡುವ ತನಕ ಕೈ ಬಿಡದೆ ಬಾಡಿಸಿ. ಕೊನೆಗೆ ಬೆಲ್ಲ ಒಂದು ಚೂರು, ಕರಿಬೇವು. ಕರಿದ ರೆಕ್ಕೆಯನ್ನು ಇದರಲ್ಲಿ ಹೊರಳಿಸಿ. ಇದರಲ್ಲಿ ನೀರೇ ಉಳಿದಿರುವುದಿಲ್ಲ, ಮೆತ್ತಗಾಗುವ ಮಾತೆಲ್ಲಿ ಬಂತು?

ಲ್ಯಾಬ್ ಕೋಟು
ಸೋಮವಾರ ಬೆಳಿಗ್ಗೆ 8:30

ಒಪ್ಪಿದೆ, ಸೋತೆ. "ನೀರೇ ಉಳಿದಿರುವುದಿಲ್ಲ" ಎಂಬುದೇ ಇಡೀ ಚರ್ಚೆಯ ಕೀಲಿ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ನೂ ಅದರ ಬಣ್ಣವೂ ಕೊಬ್ಬಿನಲ್ಲಿ ಕರಗುವಂಥವು, ಆದ್ದರಿಂದ ತುಪ್ಪ ಅವನ್ನು ಚೆನ್ನಾಗಿಯೇ ಎಳೆದುಕೊಳ್ಳುತ್ತದೆ.

ಕೃಷ್ಣೆಯ ತೀರ
ಬಾಗಲಕೋಟೆ · ಸೋಮವಾರ ಮಧ್ಯಾಹ್ನ 1:20

ಬಾಣಸಿಗರು ಮೈದಾ ಹಾಕಿ ಕೆಟ್ಟರು. ನನ್ನದು ಇನ್ನೂ ದೊಡ್ಡ ಕಥೆ.

ಎಲ್ಲೋ ಓದಿದ ವಿಧಾನದಲ್ಲಿ "ನಾಲ್ಕು ಚಮಚ ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿಯಿರಿ" ಎಂದಿತ್ತು. ನಮ್ಮ ಮನೆಯಲ್ಲಿ ಜೋಳದ ಹಿಟ್ಟಿಗೇನು ಬರ? ರೊಟ್ಟಿಗೆ ಬೀಸಿಸಿ ತಂದ ಬಿಳಿಜೋಳದ ಹಿಟ್ಟು ಡಬ್ಬಿ ತುಂಬ ಇದೆ. ನಾಲ್ಕಲ್ಲ, ಎಂಟು ಚಮಚ ಹಾಕಿದೆ. ಕರಿದ ಮೇಲೆ ಹಲ್ಲಿಗೆ ಮರಳಿನಂತೆ ಸಿಕ್ಕಿತು. ಅವರು ಹೇಳಿದ್ದು ಕಾರ್ನ್‌ಫ್ಲೋರ್ ಎಂದು ತಿಳಿದದ್ದು ಆಮೇಲೆ. ನಮಗೆ ಅದು ಗೋವಿನಜೋಳ, ಬೆಂಗಳೂರಿನವರಿಗೆ ಮುಸುಕಿನ ಜೋಳ. ಅದರಲ್ಲೂ ಹಿಟ್ಟು ಬೇರೆ, ಪಿಷ್ಟ ಬೇರೆ. ಬರೆಯುವವರು ಸ್ವಲ್ಪ ನೋಡಿ ಬರೆಯಿರಪ್ಪ.

ಅಂಗಡಿಯ ಕಡೆಯಿಂದ
ಸೋಮವಾರ ಮಧ್ಯಾಹ್ನ 3:00

ನನ್ನದು ಕೋಳಿ ಅಂಗಡಿ. ಒಂದು ಮಾತು ಕೇಳುತ್ತೇನೆ, ಬಾಣಸಿಗರೇ: ನೀವು ತಂದ ರೆಕ್ಕೆಯಲ್ಲಿ ಚರ್ಮ ಇತ್ತೇ?

ಭಾನುವಾರದ ಬಾಣಸಿಗ
ಸೋಮವಾರ ಮಧ್ಯಾಹ್ನ 3:12

ಇರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಸುಲಿದು ಕೊಟ್ಟಿದ್ದರು.

ಅಂಗಡಿಯ ಕಡೆಯಿಂದ
ಸೋಮವಾರ ಮಧ್ಯಾಹ್ನ 3:40

ಅಲ್ಲಿಗೆ ಮುಗಿಯಿತು. ರೆಕ್ಕೆಯಲ್ಲಿ ಮಾಂಸ ಇರುವುದೆಷ್ಟು? ತಿನ್ನುವುದೇ ಚರ್ಮಕ್ಕಾಗಿ. ಚರ್ಮ ಸುಲಿದ ರೆಕ್ಕೆ ಸಾರಿಗೆ ಮಾತ್ರ ಲಾಯಕ್ಕು.

ನಮ್ಮ ಕಡೆಯ ತೊಂದರೆಯನ್ನೂ ಕೇಳಿ. ಚರ್ಮ ಇಟ್ಟು ಕೊಡಬೇಕೆಂದರೆ ಕೋಳಿಯನ್ನು ಬಿಸಿನೀರಿನಲ್ಲಿ ಅದ್ದಿ, ರಬ್ಬರ್ ಬೆರಳುಗಳ ಯಂತ್ರದಲ್ಲಿ ಪುಕ್ಕ ಕೀಳಿಸಬೇಕು. ಭಾನುವಾರ ಬೆಳಿಗ್ಗೆ ಇಪ್ಪತ್ತು ಜನ ಸಾಲಿನಲ್ಲಿ ನಿಂತಿರುವಾಗ ಪುಕ್ಕದ ಸಮೇತ ಚರ್ಮವನ್ನು ಅಂಗಿ ಕಳಚಿದಂತೆ ಎಳೆದುಬಿಡುವುದೇ ಬೇಗ. ಗಿರಾಕಿಗಳಲ್ಲಿ ಹೆಚ್ಚಿನವರಿಗೂ ಚರ್ಮ ಬೇಡ. ಆದ್ದರಿಂದ ಹಿಂದಿನ ದಿನವೇ "ವಿತ್ ಸ್ಕಿನ್ ರೆಕ್ಕೆ ಒಂದು ಕೆಜಿ" ಎಂದು ಹೇಳಿ ಇಡಿ. ಹೋಟೆಲಿನವರು ಹಾಗೆಯೇ ಹೇಳಿಟ್ಟು ಒಯ್ಯುತ್ತಾರೆ.

ಇನ್ನೊಂದು, ಕೀಲಿನಲ್ಲಿ ಕತ್ತರಿಸಲು ಹೇಳಿ. ರೆಕ್ಕೆಗೆ ಎರಡು ಕೀಲು. ಮೇಲಿನದು ಪುಟ್ಟ ಲೆಗ್ ಪೀಸಿನ ಹಾಗಿರುತ್ತದೆ, ನಡುವಿನದು ಚಪ್ಪಟೆ, ಎರಡು ಎಲುಬಿನದು. ತುದಿಯನ್ನು ಬಿಸಾಡಬೇಡಿ, ಸಾರಿಗೆ ಹಾಕಿ. ಮಚ್ಚಿನಲ್ಲಿ ಎಲುಬಿನ ಮೇಲೆಯೇ ಹೊಡೆದರೆ ಚೂರು ಹಾರಿ ಬಾಯಿಗೆ ಚುಚ್ಚುತ್ತದೆ. ನಾಟಿ ಕೋಳಿಯ ರೆಕ್ಕೆ ಇದಕ್ಕೆ ಬೇಡ, ಕರಿದರೆ ಚಪ್ಪಲಿ.

ಶುದ್ಧನೀರು
ಸೋಮವಾರ ಸಂಜೆ 6:10

ಚರ್ಮ ತಿನ್ನಿ ಎಂದು ಇಷ್ಟು ಸಲೀಸಾಗಿ ಹೇಳುತ್ತೀರಿ! ಬ್ರಾಯ್ಲರ್ ಕೋಳಿಗೆ ಹಾರ್ಮೋನ್ ಚುಚ್ಚುಮದ್ದು ಕೊಡುತ್ತಾರೆ, ಅದೆಲ್ಲ ಚರ್ಮದಲ್ಲೇ ಸೇರಿರುತ್ತದೆ ಎಂದು ಎಲ್ಲರಿಗೂ ಗೊತ್ತು. ನಾನಂತೂ ಉಪ್ಪು, ಅರಿಸಿನ ಹಾಕಿ ನಲ್ಲಿಯ ಕೆಳಗೆ ಐದು ಸಲ ತೊಳೆಯುತ್ತೇನೆ.

ಲ್ಯಾಬ್ ಕೋಟು
ಸೋಮವಾರ ರಾತ್ರಿ 9:00

ಎಲ್ಲರಿಗೂ ಗೊತ್ತಿರುವುದೆಲ್ಲ ನಿಜವಾಗಿರಬೇಕಿಲ್ಲ. ಬ್ರಾಯ್ಲರ್ ಆರು ವಾರಕ್ಕೆ ಎರಡು ಕೆಜಿ ದಾಟುವುದು ದಶಕಗಳ ತಳಿ ಆಯ್ಕೆ ಮತ್ತು ಲೆಕ್ಕ ಹಾಕಿದ ಮೇವಿನಿಂದ. ಸಾವಿರಾರು ಕೋಳಿಗಳ ಶೆಡ್ಡಿನಲ್ಲಿ ಒಂದೊಂದನ್ನೂ ಹಿಡಿದು ಸೂಜಿ ಚುಚ್ಚುತ್ತ ಕೂತರೆ ಸಾಕಿದವನಿಗೆ ಕೂಲಿಯ ದುಡ್ಡೂ ಹುಟ್ಟುವುದಿಲ್ಲ. ಚಿಂತೆ ಮಾಡಲೇಬೇಕೆಂದರೆ ಆ್ಯಂಟಿಬಯಾಟಿಕ್ ಬಳಕೆಯ ಬಗ್ಗೆ ಮಾಡಿ, ಅದು ನಿಜವಾದ ಸಮಸ್ಯೆ.

ತೊಳೆಯುವ ವಿಚಾರ. ಹಸಿ ಕೋಳಿಯನ್ನು ತೊಳೆಯಲೇಬೇಡಿ ಎಂದು ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2014ರಲ್ಲಿ ಪ್ರಚಾರವನ್ನೇ ಮಾಡಿತು. ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣು ನೀರಿನ ಹನಿಗಳ ಜತೆ ಸಿಂಕು, ಪಾತ್ರೆ, ಪಕ್ಕದ ಸೊಪ್ಪಿನ ಮೇಲೆಲ್ಲ ಸಿಡಿಯುತ್ತದೆ ಎಂಬುದು ಕಾರಣ. ಆದರೆ ಅವರ ಕೋಳಿ ಕಾರ್ಖಾನೆಯಲ್ಲಿ ಶುಚಿಯಾಗಿ ಪೊಟ್ಟಣದಲ್ಲಿ ಬರುತ್ತದೆ. ನಮ್ಮದು ರಕ್ತ, ಪುಕ್ಕದ ಬುಡ, ಎಲುಬಿನ ಚೂರಿನ ಸಮೇತ ಬರುತ್ತದೆ. ತೊಳೆಯಬೇಡಿ ಎಂದರೆ ನನ್ನ ತಾಯಿಯೇ ಕೇಳುವುದಿಲ್ಲ. ನಡುವಿನ ದಾರಿ ಎಂದರೆ ನಲ್ಲಿ ಬಿಡದೆ, ಅಗಲ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಮೆಲ್ಲಗೆ ಆಡಿಸಿ ತೆಗೆಯಿರಿ. ಆಮೇಲೆ ಸಿಂಕನ್ನೂ ಕೈಯನ್ನೂ ಸೋಪು ಹಾಕಿ ತೊಳೆಯಿರಿ. ರೋಗಾಣುವನ್ನು ಕೊಲ್ಲುವುದು ಅರಿಸಿನವಲ್ಲ, ಬೆಂಕಿ. ಒಳಗಿನ ಉಷ್ಣತೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ರೆಕ್ಕೆಗೆ 85 ದಾಟಿದರೆ ಇನ್ನೂ ಒಳ್ಳೆಯದು, ಕೀಲಿನ ಸುತ್ತಲಿನ ಗಟ್ಟಿ ಅಂಗಾಂಶ ಕರಗಿ ಮಾಂಸ ಎಲುಬಿನಿಂದ ಬಿಡುತ್ತದೆ.

ತೊಳೆದ ಮೇಲೆ ಒರೆಸಲೇಬೇಕು. ಒದ್ದೆ ಚರ್ಮ ಬೇಯುತ್ತದೆ, ಗರಿಗರಿಯಾಗುವುದಿಲ್ಲ. ಕೆಜಿಗೆ ಎರಡು ಚಹಾ ಚಮಚ ಬೇಕಿಂಗ್ ಪೌಡರ್, ಎರಡು ಚಹಾ ಚಮಚ ಉಪ್ಪು ಸವರಿ, ತಂತಿ ಜಾಲರಿಯ ಮೇಲೆ ಹರಡಿ, ಮುಚ್ಚದೆ ಒಂದು ರಾತ್ರಿ ಫ್ರಿಜ್ಜಿನಲ್ಲಿಡಿ. ಬೇಕಿಂಗ್ ಪೌಡರ್ ಚರ್ಮವನ್ನು ಸ್ವಲ್ಪ ಕ್ಷಾರೀಯವಾಗಿಸುತ್ತದೆ, ಇದರಿಂದ ಬೇಗ ಕೆಂಪಾಗುತ್ತದೆ. ಮೇಲೆ ಸಣ್ಣ ಗುಳ್ಳೆಗಳೆದ್ದು ಹಪ್ಪಳದಂತಾಗುತ್ತದೆ. ಆಮೇಲೆ ಓಟಿಜಿಯಲ್ಲಿ (ಮನೆಯ ಪುಟ್ಟ ವಿದ್ಯುತ್ ಓವನ್) 220 ಡಿಗ್ರಿಯಲ್ಲಿ 45 ನಿಮಿಷ, ನಡುವೆ ಒಮ್ಮೆ ತಿರುಗಿಸಿ. ಹಿಟ್ಟೂ ಬೇಡ, ಕರಿಯುವ ಎಣ್ಣೆಯೂ ಬೇಡ. ಅಡುಗೆ ಸೋಡಾ ಮಾತ್ರ ಹಾಕಬೇಡಿ, ಸಾಬೂನಿನ ರುಚಿ ಬರುತ್ತದೆ.

ಮಡಿಕೇರಿ ಮಂಜು
ಸೋಮವಾರ ರಾತ್ರಿ 9:45

ಮುಚ್ಚದೆ ಫ್ರಿಜ್ಜಿನಲ್ಲಿ ಇಡುವುದೇ? ಮೇಲಿನ ತಟ್ಟೆಯಲ್ಲಿ ಹಾಲು, ಕೆಳಗೆ ದೋಸೆ ಹಿಟ್ಟು, ಬಾಗಿಲಿನಲ್ಲಿ ಹೆಂಡತಿಯ ಮಲ್ಲಿಗೆ ಹೂವು. ನಡುವೆ ಹಸಿ ಕೋಳಿ ಹರಡಿದರೆ ನಾನು ಮನೆಯಲ್ಲಿ ಇರುವ ಹಾಗಿಲ್ಲ.

ಲ್ಯಾಬ್ ಕೋಟು
ಸೋಮವಾರ ರಾತ್ರಿ 9:52

ಎಲ್ಲಕ್ಕಿಂತ ಕೆಳಗಿನ ತಟ್ಟೆಯಲ್ಲಿಡಿ, ನೀರು ತೊಟ್ಟಿಕ್ಕಿದರೂ ಬೇರೆಯದರ ಮೇಲೆ ಬೀಳಬಾರದು. ಆಗದಿದ್ದರೆ ಚೆನ್ನಾಗಿ ಒರೆಸಿ ಫ್ಯಾನಿನ ಕೆಳಗೆ ಅರ್ಧ ಗಂಟೆ. ಅದಕ್ಕಿಂತ ಹೊತ್ತು ಹೊರಗೆ ಬೇಡ.

ಮಡಿಕೇರಿ ಮಂಜು
ಸೋಮವಾರ ರಾತ್ರಿ 10:20

ಹಾಗಾದರೆ ನನ್ನ ಪಾಲಿನದನ್ನೂ ಸೇರಿಸುತ್ತೇನೆ. ನನಗೆ ಕೆಂಪು ಸಾಸೇ ಬೇಡ. ಕಾಳುಮೆಣಸನ್ನು ಹುರಿದು ತರಿಯಾಗಿ ಕುಟ್ಟಿ, ಬೆಳ್ಳುಳ್ಳಿ ಜಜ್ಜಿ ಬೆಣ್ಣೆಯಲ್ಲಿ ಬಾಡಿಸಿ, ಉರಿ ಆರಿಸಿ ಅರ್ಧ ಚಮಚ ಕಾಚಂಪುಳಿ. ಅಷ್ಟೇ. ಪಂದಿ ಕರಿಗೆ ಹಾಕುವ ಅದೇ ಕಪ್ಪು ಹುಳಿ, ಹಣ್ಣಿನ ರಸವನ್ನು ಕುದಿಸಿ ಕುದಿಸಿ ಜೇನಿನಂತೆ ಗಟ್ಟಿ ಮಾಡಿದ್ದು. ವಿನೆಗರಿನ ಅಂದಾಜಿನಲ್ಲಿ ಎರಡು ಮೂರು ಚಮಚ ಸುರಿದೀರಿ, ಜೋಕೆ. ಕಳೆದ ವರ್ಷ ಬೆಂಗಳೂರಿನ ಗೆಳೆಯನೊಬ್ಬ ಹಾಗೆ ಮಾಡಿ, ತಿಂದವರೆಲ್ಲ ಒಂದು ಕಣ್ಣು ಮುಚ್ಚಿಕೊಂಡು ಮಾತನಾಡುತ್ತಿದ್ದರು.

ಹಿಮದೂರಿನವಳು
ಬಫಲೋ, ನ್ಯೂಯಾರ್ಕ್ ರಾಜ್ಯ · ಮಂಗಳವಾರ ಬೆಳಿಗ್ಗೆ 6:30 (ಭಾರತದ ಸಮಯ)

ತಡವಾಗಿ ನೋಡಿದೆ. ನಾನಿರುವುದೇ ಬಫಲೋದಲ್ಲಿ, ಹದಿಮೂರು ವರ್ಷವಾಯಿತು. ಮೂಲ ತಾಣದಿಂದ ಒಂದೆರಡು ಮಾತು.

ಮೊದಲನೆಯದು, ಇಲ್ಲಿ ಯಾರೂ ಅದನ್ನು ಬಫಲೋ ವಿಂಗ್ಸ್ ಎನ್ನುವುದಿಲ್ಲ. ಬರೀ ವಿಂಗ್ಸ್. ಮೈಸೂರಿನವರು ಮನೆಯಲ್ಲಿ ಪಾಕ್ ಎಂದಷ್ಟೇ ಹೇಳಿದರೆ ಸಾಕಲ್ಲವೇ, ಹಾಗೆ.

ಮೇನ್ ಸ್ಟ್ರೀಟಿನ ಆ್ಯಂಕರ್ ಬಾರಿನಲ್ಲಿ 1964ರಲ್ಲಿ ತೆರೇಸಾ ಬೆಲ್ಲಿಸ್ಸಿಮೋ ಎಂಬಾಕೆ ಮೊದಲು ಮಾಡಿದರು ಎಂಬುದು ಎಲ್ಲರೂ ಹೇಳುವ ಕಥೆ. ಆ ಮನೆಯವರೇ ಅದನ್ನು ಬೇರೆ ಬೇರೆ ರೀತಿ ಹೇಳಿದ್ದಾರೆ. ಮಗನ ಗೆಳೆಯರು ಅಪರಾತ್ರಿ ಹಸಿದು ಬಂದರು ಎಂದು ಒಂದು, ಬೇರೆ ತುಂಡುಗಳ ಬದಲು ತಪ್ಪಿ ರೆಕ್ಕೆಗಳು ಬಂದವು ಎಂದು ಇನ್ನೊಂದು. ಆದರೆ ಅದೇ ಕಾಲಕ್ಕೆ ಇದೇ ಊರಿನಲ್ಲಿ ಜಾನ್ ಯಂಗ್ ಎಂಬ ಕಪ್ಪು ವರ್ಣೀಯ ಅಡುಗೆಯವರು ರೆಕ್ಕೆಯನ್ನು ಕತ್ತರಿಸದೆ, ಹಿಟ್ಟು ಹಚ್ಚಿ ಕರಿದು, ಮಂಬೋ ಸಾಸ್ ಎಂಬ ತಮ್ಮದೇ ಸಾಸಿನಲ್ಲಿ ಮಾರುತ್ತಿದ್ದರು. ಅವರ ಹೆಸರು ಬಹಳ ಕಾಲ ಹಿಂದೆಯೇ ಉಳಿಯಿತು. ಅದಕ್ಕೆ ಮೊದಲು ರೆಕ್ಕೆ ಸೂಪಿನ ಪಾತ್ರೆಗೆ ಹೋಗುವ ಅಗ್ಗದ ತುಂಡಾಗಿತ್ತು. ಈಗ ಇಲ್ಲಿ ಬೆಲೆ ಕೇಳಿದರೆ ಎದೆ ಹಿಡಿದುಕೊಳ್ಳುತ್ತೀರಿ.

ಇನ್ನು ಬಾಣಸಿಗರ ಸಾಸ್ "ಸಪ್ಪೆ" ಏಕೆ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಇಲ್ಲಿನವರು ಬಳಸುವ ಫ್ರ್ಯಾಂಕ್ಸ್ ರೆಡ್‌ಹಾಟ್ ಬಾಟಲಿಯ ಹಿಂದೆ ಬರೆದಿರುವುದು ಐದೇ ಪದಾರ್ಥ: ಇಟ್ಟು ಹದಬಂದ ಕಯೆನ್ ಮೆಣಸಿನಕಾಯಿ, ವಿನೆಗರ್, ನೀರು, ಉಪ್ಪು, ಬೆಳ್ಳುಳ್ಳಿ ಪುಡಿ. ಗಮನಿಸಿ, ಒಣ ಮೆಣಸಿನಕಾಯಿಯಲ್ಲ. ಹಣ್ಣಾದ ಹಸಿ ಕೆಂಪು ಮೆಣಸಿನಕಾಯಿಯನ್ನು ಉಪ್ಪಿನಲ್ಲಿ ಇಟ್ಟು ಹದ ಮಾಡಿದ್ದು. ಒಣಗಿದ್ದರ ರುಚಿ ಬೇರೆ, ಅದರಲ್ಲಿ ಬಿಸಿಲಿನ ಘಮ ಇರುತ್ತದೆ. ಹಣ್ಣುಮೆಣಸಿನ ಆ ಹುಳಿ, ಮೂಗಿಗೆ ಹತ್ತುವ ಹಸಿತನ ಬ್ಯಾಡಗಿ ಪೇಸ್ಟಿನಲ್ಲಿ ಬರುವುದು ಹೇಗೆ? ಆ ಸಾಸಿಗೆ ಸಮಪಾಲು ಬೆಣ್ಣೆ, ದೊಡ್ಡ ಬೋಗುಣಿಯಲ್ಲಿ ಹೊರಳಿಸುವುದು, ಪಕ್ಕದಲ್ಲಿ ಸೆಲರಿ ಮತ್ತು ಬ್ಲೂ ಚೀಸ್. ಇಷ್ಟೇ ಇಲ್ಲಿನ ಗುಟ್ಟು. ಬ್ಲೂ ಚೀಸಿನ ವಾಸನೆಗೆ ನಾನು ಇನ್ನೂ ಒಗ್ಗಿಲ್ಲ. ಮನೆಯಲ್ಲಿ ಮೊಸರಿಗೆ ಸೌತೆಕಾಯಿ ತುರಿದು ಇಡುತ್ತೇನೆ, ನೆರೆಯವರು ಅದನ್ನೇ ಕೇಳಿ ಹಾಕಿಸಿಕೊಳ್ಳುತ್ತಾರೆ.

ಗದಗಿನ ಸೊಸೆ
ಮಂಗಳವಾರ ಬೆಳಿಗ್ಗೆ 11:10

ಹಣ್ಣಾದ ಕೆಂಪು ಮೆಣಸಿನಕಾಯಿ, ಉಪ್ಪು, ಹುಳಿ, ಬೆಳ್ಳುಳ್ಳಿ, ಇಟ್ಟು ಹದ ಮಾಡಿದ್ದು... ಅಕ್ಕ, ನೀವು ವರ್ಣಿಸುತ್ತಿರುವುದು ನಮ್ಮ ರಂಜಕವನ್ನಲ್ಲವೇ?

ನಮ್ಮ ಅತ್ತೆ ಪ್ರತಿ ವರ್ಷ ಸಂಕ್ರಾಂತಿಯ ಆಸುಪಾಸಿನಲ್ಲಿ, ಸಂತೆಗೆ ಕೆಂಪು ಹಣ್ಣುಮೆಣಸಿನಕಾಯಿ ಬಂದಾಗ ಹಾಕುತ್ತಾರೆ. ಅರ್ಧ ಕೆಜಿ ಕಾಯಿ ತೊಳೆದು, ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿದ ಮೇಲಷ್ಟೇ ತೊಟ್ಟು ತೆಗೆಯುವುದು. ಮೊದಲೇ ತೆಗೆದರೆ ಒಳಗೆ ನೀರು ಸೇರಿ ಬೂಸು ಬರುತ್ತದೆ. ಸುಮಾರು 75 ಗ್ರಾಂ ಉಪ್ಪು ಹಾಕಿ ಕುಟ್ಟಿ, ಐದು ಲಿಂಬೆಹಣ್ಣಿನ ರಸ, ಒಂದು ಗಡ್ಡೆ ಬೆಳ್ಳುಳ್ಳಿ, ಹುರಿದ ಮೆಂತ್ಯದ ಪುಡಿ ಒಂದು ಚಮಚ, ಚಿಟಿಕೆ ಇಂಗು. ಭರಣಿಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿ ಮೂರು ನಾಲ್ಕು ದಿನ ಬಿಟ್ಟರೆ ಹದ ಬರುತ್ತದೆ. ವಾರಗಳು ಕಳೆದಂತೆ ಖಾರ ಇಳಿದು ಹುಳಿ ಏರುತ್ತದೆ. ಎಣ್ಣೆಯನ್ನು ಊಟಕ್ಕೆ ಕೂತಾಗ ರೊಟ್ಟಿಯ ಪಕ್ಕದಲ್ಲೇ ಹಾಕಿಕೊಳ್ಳುತ್ತೇವೆ, ಭರಣಿಗೆ ಹಾಕುವುದಿಲ್ಲ.

ಕೋಳಿಗೆ ಹಾಕಿ ನೋಡಿಲ್ಲ. ನಮ್ಮದು ಲಿಂಗಾಯತರ ಮನೆ, ನೋಡುವುದೂ ಇಲ್ಲ. ಈ ಚರ್ಚೆಗೆ ಬಂದದ್ದೇ ಮೆಣಸಿನಕಾಯಿಯ ಮಾತು ಕೇಳಿ.

ಹಿಮದೂರಿನವಳು
ಮಂಗಳವಾರ ರಾತ್ರಿ 8:00

ಹದಿಮೂರು ವರ್ಷ ಬಾಟಲಿ ತಿರುವಿ ತಿರುವಿ ಓದಿದ್ದೇನೆ, ಒಮ್ಮೆಯೂ ಹೊಳೆಯಲಿಲ್ಲ. ನನ್ನ ಊರು ಶಿವಮೊಗ್ಗ, ರಂಜಕವನ್ನು ತಿಂದದ್ದು ಹಾಸ್ಟೆಲಿನಲ್ಲಿ ಹುಬ್ಬಳ್ಳಿಯ ಗೆಳತಿಯ ಡಬ್ಬಿಯಿಂದ. ಈಗ ನೆನಪಿನಲ್ಲೇ ಮೂಗು ಚುರುಗುಟ್ಟಿತು.

ಲ್ಯಾಬ್ ಕೋಟು
ಮಂಗಳವಾರ ರಾತ್ರಿ 8:40

ಎಣ್ಣೆಯನ್ನು ಭರಣಿಗೆ ಹಾಕುವುದಿಲ್ಲ ಎಂಬ ಮಾತಿಗೆ ಅತ್ತೆಯವರಿಗೆ ನಮಸ್ಕಾರ ತಿಳಿಸಿ. ರಂಜಕ ಕೆಡದಿರುವುದು ಉಪ್ಪು ಮತ್ತು ಹುಳಿಯ ಬಲದಿಂದ. ಇದನ್ನು ನೋಡಿ ಯಾರಾದರೂ ಬರೀ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಸಾಸಿಗೆಂದು ಅಡುಗೆಮನೆಯ ಕಟ್ಟೆಯ ಮೇಲೆ ವಾರಗಟ್ಟಲೆ ಇಟ್ಟೀರಿ. ಬೇಡ. ಹುಳಿಯಿಲ್ಲದ, ಗಾಳಿಯಾಡದ ಎಣ್ಣೆಯೊಳಗೆ ಬಾಟ್ಯುಲಿಸಂ ಎಂಬ ಪ್ರಾಣಾಪಾಯದ ಆಹಾರ ವಿಷವನ್ನು ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ವಾಸನೆಯಿಂದಲೂ ಗೊತ್ತಾಗುವುದಿಲ್ಲ. ಬೆಳ್ಳುಳ್ಳಿ ಎಣ್ಣೆಯನ್ನು ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನದಲ್ಲಿ ಮುಗಿಸಿ.

ಭಾನುವಾರದ ಬಾಣಸಿಗ
ಮಂಗಳವಾರ ರಾತ್ರಿ 9:15

ನಮ್ಮ ಮಹಡಿಯ ಮೇಲಿನ ಮನೆಯವರು ಧಾರವಾಡದವರು. ಅಜ್ಜಿಯೊಬ್ಬರಿದ್ದಾರೆ. ನಾಳೆ ಮಜ್ಜಿಗೆ ಕೊಡುವ ನೆಪದಲ್ಲಿ ಹೋಗಿ ಬರುತ್ತೇನೆ.

ಕೋಟೇಶ್ವರದ ಗಾಳಿ
ಮಂಗಳವಾರ ರಾತ್ರಿ 9:30

ಘೀ ರೋಸ್ಟನ್ನು ಇಷ್ಟು ಬೇಗ ಕೈಬಿಟ್ಟಿರಾ? ನೆನಪಿಟ್ಟುಕೊಳ್ಳುತ್ತೇನೆ.

ಭಾನುವಾರದ ಬಾಣಸಿಗ
ಮುಂದಿನ ಭಾನುವಾರ ರಾತ್ರಿ 10:05

ವರದಿ ಒಪ್ಪಿಸುತ್ತಿದ್ದೇನೆ. ಬಾವನವರನ್ನು ಮತ್ತೆ ಕರೆದಿದ್ದೆ. ಅವರು ಮುನ್ನೆಚ್ಚರಿಕೆಯಾಗಿ ಮನೆಯಲ್ಲೇ ಸ್ವಲ್ಪ ತಿಂದು ಬಂದಿದ್ದರೆಂದು ಅಕ್ಕ ಆಮೇಲೆ ಹೇಳಿದಳು.

ಶನಿವಾರವೇ ಅಂಗಡಿಗೆ ಫೋನು ಮಾಡಿ ವಿತ್ ಸ್ಕಿನ್ ಎಂದು ಎರಡು ಸಲ ಹೇಳಿದ್ದೆ. ಕೀಲಿನಲ್ಲೇ ಕತ್ತರಿಸಿ ಕೊಟ್ಟರು. ಪುಕ್ಕದ ಬುಡಗಳು ಅಲ್ಲಲ್ಲಿ ಉಳಿದಿದ್ದವು, ಹುಬ್ಬು ಕೀಳುವ ಚಿಮಟದಿಂದ ಕಿತ್ತೆ. ಚಿಮಟ ಯಾರದೆಂದು ಇಲ್ಲಿ ಬರೆಯುವುದಿಲ್ಲ. ಬೇಕಿಂಗ್ ಪೌಡರ್ ಸವರಿ, ಫ್ರಿಜ್ಜಿನ ಕೆಳತಟ್ಟೆಯಲ್ಲಿ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ಮುಟ್ಟಿದರೆ ಚರ್ಮ ಚರ್ಮಕಾಗದದಂತೆ ಬಿಗಿದಿತ್ತು. ಓಟಿಜಿಯಲ್ಲಿ ಒಮ್ಮೆಗೆ ಹನ್ನೆರಡು ತುಂಡು ಮಾತ್ರ ಹಿಡಿಯುತ್ತದೆ, ಆದ್ದರಿಂದ ಅರ್ಧ ಓಟಿಜಿಗೆ, ಅರ್ಧ ಬಾಣಲೆಗೆ. ಬಾಣಲೆಯದನ್ನು ಎರಡು ಸಲ ಕರಿದೆ. ಮೊದಲು ಮಧ್ಯಮ ಉರಿಯಲ್ಲಿ ಎಂಟು ನಿಮಿಷ, ಹೊರಗೆ ತೆಗೆದು ಹತ್ತು ನಿಮಿಷ ಆರಿಸಿ, ಮತ್ತೆ ಜೋರು ಉರಿಯಲ್ಲಿ ಮೂರು ನಿಮಿಷ. ಕೊರಿಯಾದವರ ಪದ್ಧತಿಯಂತೆ. ನನ್ನ ತೀರ್ಪು: ಗರಿಗರಿಯಲ್ಲಿ ಬಾಣಲೆ ಗೆದ್ದಿತು, ಅಡುಗೆಮನೆ ಒರೆಸುವುದರಲ್ಲಿ ಓಟಿಜಿ ಗೆದ್ದಿತು.

ಸಾಸಿನಲ್ಲಿ ಮೊದಲ ಸುತ್ತು ಹಾಳಾಯಿತು. ನಾಲ್ಕು ಚಮಚ ರಂಜಕಕ್ಕೆ ಅಂಗಡಿಯ ಹಳದಿ ಬೆಣ್ಣೆ ಹಾಕಿದೆ. ರಂಜಕದಲ್ಲಿ ಉಪ್ಪು, ಬೆಣ್ಣೆಯಲ್ಲಿ ಉಪ್ಪು, ರೆಕ್ಕೆಗೂ ಉಪ್ಪು. ಸಮುದ್ರ ಕುಡಿದಂತಾಯಿತು. ಎರಡನೆಯ ಸುತ್ತಿಗೆ ಹಾಲಿನ ಅಂಗಡಿಯಿಂದ ಬಿಳಿ ಬೆಣ್ಣೆ ತಂದೆ. ರಂಜಕವನ್ನು ಎರಡು ಚಮಚ ವಿನೆಗರ್, ಸ್ವಲ್ಪ ನೀರಿನ ಜತೆ ಮಿಕ್ಸಿಗೆ ಹಾಕಿ, ಜರಡಿಯಲ್ಲಿ ಸೋಸಿ, ಬೆಚ್ಚಗೆ ಮಾಡಿ, ಉರಿ ಆರಿಸಿ, 60 ಗ್ರಾಂ ತಣ್ಣನೆಯ ಬೆಣ್ಣೆಯನ್ನು ತುಂಡು ತುಂಡಾಗಿ ಕಲಕಿದೆ. ಒಂದು ಚಮಚ ಜೇನು. ಒಡೆಯಲಿಲ್ಲ! ಕಿತ್ತಳೆ ಬಣ್ಣಕ್ಕೆ ತಿರುಗಿ, ಚಮಚದ ಬೆನ್ನಿಗೆ ಅಂಟಿಕೊಂಡಿತು. ಮೆಂತ್ಯದ ಒಂದು ಸಣ್ಣ ಕಹಿ ಹಿಂದೆ ಉಳಿಯುತ್ತದೆ, ಅದು ಬಫಲೋದಲ್ಲಿ ಇರಲಾರದು. ನನಗೆ ಅದೇ ಹಿಡಿಸಿತು.

ಹೊರಳಿಸಿದ್ದು ತಟ್ಟೆ ಮೇಜಿಗೆ ಹೋಗುವ ಹೊತ್ತಿಗೆ ಸರಿಯಾಗಿ. ಈ ಬಾರಿ ಮೆತ್ತಗಾಗಲು ಅದಕ್ಕೆ ಪುರುಸೊತ್ತೇ ಸಿಗಲಿಲ್ಲ. ಬಾವ ಹನ್ನೊಂದು ತುಂಡು ತಿಂದರು, ಎಲುಬು ಎಣಿಸಿದ್ದೇನೆ. ಅನ್ನ ಕೇಳಲಿಲ್ಲ.

ಕೋಟೇಶ್ವರದವರೇ, ಮುಂದಿನ ವಾರ ನಿಮ್ಮದು. ಹದಿನೆಂಟು ಬ್ಯಾಡಗಿ ತಂದಿಟ್ಟಿದ್ದೇನೆ. ಕೇಳಿದರೆ ಅಂಗಡಿಯವರು "ಡಬ್ಬಿಯೋ ಕಡ್ಡಿಯೋ?" ಎಂದರು. ಗುಂಡಗಿರುವುದು, ಬಣ್ಣ ಹೆಚ್ಚು ಎಂದು ಡಬ್ಬಿ ತಂದೆ. ಸರಿಯೇ?

ಕೋಟೇಶ್ವರದ ಗಾಳಿ
ಭಾನುವಾರ ರಾತ್ರಿ 10:20

ಸರಿ. ಬೀಜ ತೆಗೆದುಬಿಡಿ. ಮೆಂತ್ಯ ಹದಿನೈದು ಕಾಳು ದಾಟಬಾರದು, ಎಣಿಸಿ ಹಾಕಿ. ಎಲುಬು ಎಣಿಸಲು ಬರುತ್ತದಲ್ಲ.

ಗದಗಿನ ಸೊಸೆ
ಭಾನುವಾರ ರಾತ್ರಿ 10:45

ಅಜ್ಜಿಯ ಭರಣಿಯಲ್ಲಿ ಇನ್ನೆಷ್ಟು ಉಳಿದಿದೆ? ರಂಜಕ ವರ್ಷಕ್ಕೆ ಒಮ್ಮೆ ಹಾಕುವುದು, ಅವರಿಗೆ ಮತ್ತೆ ಕಾಯಿ ಸಿಗುವುದು ಮುಂದಿನ ಚಳಿಗಾಲಕ್ಕೆ.

ಭಾನುವಾರದ ಬಾಣಸಿಗ
ಭಾನುವಾರ ರಾತ್ರಿ 10:58

ಅವರು ನನಗೆ ಕೊಟ್ಟದ್ದು ಒಂದು ಹಾರ್ಲಿಕ್ಸ್ ಬಾಟಲಿ. ಖಾಲಿ ಬಾಟಲಿ ಹಿಂದಿರುಗಿಸಲು ಸಂಜೆ ಹೋಗಿದ್ದೆ. "ಒಂದು ವಾರದಾಗ ಮುಗಿಸಿದಿ? ಎದಕ್ಕ ಹಚ್ಚಿಕೊಂಡಿ ತಮ್ಮಾ?" ಎಂದು ಕೇಳಿದರು. ಏನು ಹೇಳಲಿ? ರೊಟ್ಟಿಗೆ ಎಂದೆ. ಪಾಪ, ಖುಷಿಯಾಗಿ ಇನ್ನೊಂದು ಬಾಟಲಿ ತುಂಬಿಸಿ ಕೊಟ್ಟರು. ನಾಳೆ ಸೊಸೆಯ ಕೈಯಲ್ಲಿ ರೊಟ್ಟಿಯನ್ನೂ ಕಳಿಸುತ್ತಾರಂತೆ.

ಕೃಷ್ಣೆಯ ತೀರ
ಭಾನುವಾರ ರಾತ್ರಿ 11:04

ಯಾವ ಜೋಳದ್ದು ಎಂದು ಕೇಳಿಕೊಳ್ಳಿ.